ನಿರೋಧವೂ ಬಂಧವೂ: ಸೆರೆಯಾಳಿನ ರಕ್ಷೆಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

೧

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿಯೂ ಅದಕ್ಕೆ ತಗುಲಿದ ಬೆಳಗಾವಿ ಧಾರವಾಡ ಪ್ರಾಂತಗಳಲ್ಲಿಯೂ ಸೆರೆಮನೆಗೆ ‘ತುರಂಗ’ ಎಂಬ ಮಾತು ರೂಢಿಯಲ್ಲಿದೆ. ದಾಂಡೇಲಿಯ ನೆರೆಯ ಕೋಗಿಲಬನದಂತಹ ಊರುಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರು ನುಡಿಗಳೂ ಒಂದರ ಪಕ್ಕದಲ್ಲಿ ಒಂದು ಬಾಳುತ್ತಿರುವುದರಿಂದ ಶಬ್ದಗಳು ಮನೆಯಿಂದ ಮನೆಗೆ ಹೋಗಿಬರುವುದು ಸಹಜವೇ ಸರಿ. ಸಂಸ್ಕೃತವನ್ನು ಓದಿದವರಿಗೆ ಈ ಶಬ್ದವು ಕಿವಿಗೆ ಬಿದ್ದೊಡನೆ ಕುದುರೆಯ ನೆನಪಾಗುವುದು. ಆದರೆ ಕುದುರೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಗೋವೆಯ ಕಡೆಯಿಂದ ಬಂದದ್ದು. ಪೋರ್ತುಗೀಸರ ‘ತ್ರೋಂಕು’ ಎಂಬ ಪದದ ರೂಪಾಂತರ. ಮರಾಠಿ ಕೊಂಕಣಿಗಳ ‘ತುರುಂಗ’, ಮಲೆಯಾಳದ ‘ತುರುಂಕು’, ದೂರದ ಮಲಯ ಭಾಷೆಯ ‘ತೆರುಂಕು’ ಇವೆಲ್ಲವೂ ಅದೇ ಮೂಲದಿಂದ ಹುಟ್ಟಿದವು.

ತ್ರೋಂಕು ಎಂದರೆ ಮೊದಲಿಗೆ ಮರದ ದಿಮ್ಮಿ. ದಿಮ್ಮಿಯಲ್ಲಿ ಕಂಡಿಗಳನ್ನು ಕೊರೆದು ಅಪರಾಧಿಯ ಕಾಲುಗಳನ್ನು ಅವುಗಳಲ್ಲಿ ಸಿಕ್ಕಿಸಿ ಕೂರಿಸುತ್ತಿದ್ದ ಕಾರಣ ಆ ಸಾಧನಕ್ಕೂ ಅದೇ ಹೆಸರಾಯಿತು. ಬಳಿಕ ಆ ಸಾಧನವಿದ್ದ ಮನೆಗೂ ಅದೇ ಹೆಸರು ನಿಂತಿತು. ಲಿಸ್ಬನ್ ಪಟ್ಟಣದ ಕಾರಾಗೃಹವನ್ನೇ ತ್ರೋಂಕು ಎಂದು ಕರೆಯುತ್ತಿದ್ದರು. ಪೋರ್ತುಗೀಸರ ಮಹಾಕವಿ ಕಮೋಯಿನ್ಸನು ೧೫೫೨ರಲ್ಲಿ ಸೆರೆಯಲ್ಲಿದ್ದುದು ಅಲ್ಲಿಯೇ. ಹೀಗೆ ಸೆರೆಯಾಳನ್ನು ಕಟ್ಟುವ ಸಾಧನದ ಹೆಸರು ಸೆರೆಮನೆಯ ಹೆಸರನ್ನೇ ನುಂಗಿತು. ಸೆರೆಯೆಂದರೆ ಕಟ್ಟು, ಕಟ್ಟೆಂದರೆ ಸೆರೆ ಎಂಬ ಅಭೇದಬುದ್ಧಿಯು ಲೋಕದಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ.

ಈ ಅಭೇದಬುದ್ಧಿಯು ತಪ್ಪೆಂಬುದನ್ನೂ, ನಮ್ಮ ಧರ್ಮಶಾಸ್ತ್ರಕಾರರು ಈ ಎರಡನ್ನು ಬೇರೆಬೇರೆಯಾಗಿಯೇ ಎಣಿಸಿದ್ದರೆಂಬುದನ್ನೂ, ಈಚಿನ ನ್ಯಾಯಸ್ಥಾನಗಳು ಬಹುಕಾಲದ ಮೇಲೆ ಅದೇ ಭೇದಕ್ಕೆ ಹಿಂದಿರುಗಿದುವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಅಧರ್ಮಿಷ್ಠನನ್ನು ನಿಗ್ರಹಿಸುವುದಕ್ಕೆ ರಾಜನಿಗೆ ಮೂರು ಉಪಾಯಗಳೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ: ನಿರೋಧನ, ಬಂಧ, ವಿವಿಧವಾದ ವಧ. ಇಲ್ಲಿ ವಧವೆಂದರೆ ದೇಹದಂಡನೆಯೆಂದು ತಿಳಿಯಬೇಕು. ಮೊದಲೆರಡು ಪದಗಳು ಪರ್ಯಾಯಗಳಂತೆ ತೋರಿದರೂ ಪರ್ಯಾಯಗಳಲ್ಲ. ನಿರೋಧನವೆಂದರೆ ಕಾರಾಗೃಹದಲ್ಲಿ ಇರಿಸುವುದು, ಬಂಧವೆಂದರೆ ನಿಗಡ ಮೊದಲಾದವುಗಳಿಂದ ಕಟ್ಟುವುದು ಎಂದು ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ. ಆದುದರಿಂದ ಗೋಡೆಯೊಳಗೆ ಇಟ್ಟ ಮಾತ್ರಕ್ಕೆ ಸಂಕೋಲೆಯೂ ಅದರೊಡನೆ ತಾನಾಗಿ ಬರತಕ್ಕದ್ದೆಂದು ಶಾಸ್ತ್ರದ ಅಭಿಪ್ರಾಯವಲ್ಲ. ಒಂದು ದಂಡ ಇನ್ನೊಂದು ದಂಡದ ಬಾಲವಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಕಾರಣವಿರಬೇಕು.

ಕೋಶಗಳಲ್ಲಿಯೂ ಈ ಭೇದವನ್ನು ಕಾಣಬಹುದು. ಅಮರಸಿಂಹನು ‘ಕಾರಾ’ ಎಂಬುದಕ್ಕೆ ಬಂಧನಾಲಯವೆಂದು ಅರ್ಥವನ್ನು ಹೇಳಿ, ಅದನ್ನು ಕ್ಷತ್ರಿಯವರ್ಗದ ಕೊನೆಯ ಕಡೆಯಲ್ಲಿ, ಸೆರೆಸಿಕ್ಕವರ ಸಂದರ್ಭದಲ್ಲಿ ಇಟ್ಟಿದ್ದಾನೆ. ‘ನಿಗಡ’ ಶಬ್ದವಾದರೋ ಅಲ್ಲಿಲ್ಲ. ಅದು ಅದೇ ವರ್ಗದಲ್ಲಿ ಬಹಳ ಹಿಂದೆಯೇ, ಶೃಂಖಲ ಅಂದುಕಗಳ ಜೊತೆಯಲ್ಲಿ, ಅಂಕುಶಕ್ಕೆ ಮುಂಚೆ ಬಂದಿದೆ. ಎಂದರೆ ಆನೆಯ ಸಾಮಗ್ರಿಯಲ್ಲಿ ಸೇರಿದೆ. ಕಾಲಿಗೆ ತೊಡಿಸುವ ಕಬ್ಬಿಣವು ಮದಿಸಿದ ಆನೆಗೆಂದು ಹುಟ್ಟಿದ್ದು, ಮನುಷ್ಯನಿಗೆ ಅತಿದೇಶದಿಂದ ಬಂದದ್ದು. ಕನ್ನಡದ ‘ನಿಗಳ’ವು ಈ ನಿಗಡವೇ, ‘ಸಂಕಲೆ’ಯು ಶೃಂಖಲೆಯ ತದ್ಭವ, ‘ಸಂಕೋಲೆ’ಯು ಅದರ ಇನ್ನೊಂದು ರೂಪ. ‘ಬೇಡಿ’ಯು ಹಿಂದಿ ಮರಾಠಿಗಳೊಡನೆ ನಮಗೆ ಸಮಾನವಾದ ಶಬ್ದ. ‘ಕೋಳ’ವು ಈಗ ಹೆಚ್ಚಾಗಿ ಕೈಕೋಳವೆಂಬ ಸಮಾಸದಲ್ಲಿ ಉಳಿದುಕೊಂಡಿದೆ. ‘ಸೆರೆ’ ಎಂಬ ದೇಶ್ಯಶಬ್ದ ಮಾತ್ರ ಯಾವ ಉಪಕರಣವನ್ನೂ ಹೇಳದೆ ತಡೆಯಲ್ಪಟ್ಟ ಅವಸ್ಥೆಯನ್ನಷ್ಟೆ ಹೇಳುತ್ತದೆ. ಕನ್ನಡದ ಸೆರೆಮನೆಯು ಶಬ್ದಾರ್ಥದಿಂದ ನಿರೋಧನದ ಮನೆ. ಪರದೇಶದಿಂದ ಬಂದ ತುರಂಗವು ಬಂಧದ ಮನೆ.

೩

ಇನ್ನು ಸೆರೆಯಾಳಿನ ರಕ್ಷೆಯ ವಿಷಯ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ನಮಗಿರುವ ಮುಖ್ಯ ಆಕರ. ಆ ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಪ್ರಕೃತಕ್ಕೆ ಆ ವಾದವು ಬೇಕಾಗಿಲ್ಲ.

ಎರಡನೆಯ ಅಧಿಕರಣದಲ್ಲಿ ಬಂಧನಾಗಾರದ ರಚನೆಯನ್ನು ಹೇಳುವಾಗ, ಸ್ತ್ರೀಪುರುಷರಿಗೆ ಬೇರೆಬೇರೆ ಸ್ಥಾನಗಳಿರಬೇಕು, ಕೋಣೆಗಳು ಚೆನ್ನಾಗಿ ಕಾವಲಿನಲ್ಲಿರಬೇಕು ಎಂಬ ವಿಧಿಯಿದೆ. ಒಡನೆಯೇ ಅಲ್ಲಿ ಹೇಳಿದ ಎಲ್ಲ ಕಟ್ಟಡಗಳಿಗೂ ಶಾಲೆ, ಬಾವಿ, ಶೌಚಸ್ಥಾನ, ಸ್ನಾನಗೃಹಗಳೂ, ಬೆಂಕಿ ಮತ್ತು ವಿಷಗಳಿಂದ ರಕ್ಷಣೆಯೂ ಇರಬೇಕೆಂದು ಹೇಳಿದೆ. ಹಾವು ಇಲಿಗಳ ಬಾಧೆಗೆ ಬೆಕ್ಕು ಮುಂಗುಸಿಗಳನ್ನು ಸಾಕುವುದನ್ನು ಸಹ ಮರೆತಿಲ್ಲ. ಸೆರೆಮನೆಯ ಗೋಡೆಯ ಒಳಗಿರುವವನ ಜೀವವನ್ನು ಕಾಯುವ ಹೊಣೆ ಗೋಡೆಯನ್ನು ಕಟ್ಟಿಸಿದವನದೆಂಬ ತತ್ತ್ವವು ಇದರಲ್ಲಿ ಅಡಗಿದೆ.

ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ಸೆರೆಮನೆಯ ಅಧ್ಯಕ್ಷನಿಗೇ ದಂಡವನ್ನು ಹೇಳಿರುವುದು ಇನ್ನೂ ಗಮನಾರ್ಹವಾದದ್ದು. ಕಾರಣವನ್ನು ತಿಳಿಸದೆ ಸೆರೆಯಾಳನ್ನು ಕದಲಿಸಿದರೆ ೨೪ ಪಣ. ಯಾತನೆಗೆ ಗುರಿಮಾಡಿದರೆ ಅದರ ಎರಡರಷ್ಟು. ಬೇರೆ ಸ್ಥಳಕ್ಕೆ ಸಾಗಿಸಿದರೆ ಅಥವಾ ಅನ್ನಪಾನಗಳನ್ನು ತಡೆದರೆ ೯೬ ಪಣ. ಪರಿಕ್ಲೇಶಪಡಿಸಿದರೆ ಅಥವಾ ಲಂಚವನ್ನು ಕಿತ್ತರೆ ಮಧ್ಯಮ ಸಾಹಸದಂಡ. ಕೊಂದರೆ ೧೦೦೦ ಪಣ. ಕಂಟಕಗಳೆಂದರೆ ರಾಜ್ಯಕ್ಕೆ ಮುಳ್ಳಾಗಿರುವವರು. ಆ ಮುಳ್ಳುಗಳ ಪಟ್ಟಿಯಲ್ಲಿ ಕಳ್ಳನ ಸಂಗಡ ಕಳ್ಳನನ್ನು ಕಾಯುವವನನ್ನೂ ಸೇರಿಸಿದ್ದು ಕೌಟಿಲ್ಯನ ಲೋಕಾನುಭವಕ್ಕೆ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಅದೇ ಅಧಿಕರಣದಲ್ಲಿ ಶಂಕಿತನ ಬಾಯಿಬಿಡಿಸುವುದಕ್ಕೆ ಕೋಲು, ಚಾವಟಿ ಮೊದಲಾದ ಕ್ರೂರಕರ್ಮಗಳನ್ನು ವಿಧಿಸಿರುವ ಕೌಟಿಲ್ಯನನ್ನು ಸೆರೆಯಾಳಿನ ಬಂಧುವೆಂದು ಹೊಗಳುವುದು ಹೇಗೆ? ಆಕ್ಷೇಪವು ನ್ಯಾಯವಾದದ್ದೇ. ಆ ಅಧ್ಯಾಯವನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ತೋರಿಸುವುದು ಪಾಂಡಿತ್ಯವಲ್ಲ. ಆದರೆ ಆ ಅಧ್ಯಾಯದಲ್ಲಿಯೇ ನಿಷೇಧಗಳೂ ಇವೆ. ಅಲ್ಪಾಪರಾಧಿ, ಬಾಲ, ವೃದ್ಧ, ರೋಗಿ, ಮತ್ತ, ಉನ್ಮತ್ತ, ಹಸಿವು ಬಾಯಾರಿಕೆ ದಾರಿಯ ದಣಿವುಗಳಿಂದ ಬಳಲಿದವನು, ದುರ್ಬಲ ಇವರಿಗೆ ಕರ್ಮವನ್ನು ಮಾಡಿಸಕೂಡದು. ಗರ್ಭಿಣಿಗೂ ಹೆತ್ತು ತಿಂಗಳು ತುಂಬದ ಬಾಣಂತಿಗೂ ಸರ್ವಥಾ ಕೂಡದು. ಕ್ರೌರ್ಯವು ಇದ್ದಿತು, ಆದರೆ ಅದಕ್ಕೊಂದು ಮೇರೆಯೂ, ಆ ಮೇರೆಯನ್ನು ಮೀರಿದ ಅಧಿಕಾರಿಗೆ ದಂಡವೂ ಇದ್ದುವು. ನಾವು ಇಲ್ಲಿ ಎತ್ತಿ ತೋರಿಸುತ್ತಿರುವುದು ಇಷ್ಟನ್ನೇ.

‘ಪರಿಕ್ಲೇಶ’ವೆಂಬ ಪದವನ್ನು ವಾಚಕರು ನೆನಪಿನಲ್ಲಿಡಬೇಕು. ಅಶೋಕನು ಕಳಿಂಗದ ಧೌಲಿಯಲ್ಲಿ ಕೆತ್ತಿಸಿದ ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ನಗರದ ನ್ಯಾಯಾಧಿಕಾರಿಗಳನ್ನು ಕುರಿತು, ಯಾರಿಗೂ ಅಕಾರಣವಾಗಿ ಬಂಧನವಾಗಲಿ ‘ಪಲಿಕಿಲೇಸ’ವಾಗಲಿ ಉಂಟಾಗದಂತೆ ನೋಡಿಕೊಳ್ಳಬೇಕೆಂದು ಎಚ್ಚರಿಸಿದ್ದಾನೆ. ಕೌಟಿಲ್ಯನ ಪರಿಕ್ಲೇಶವೇ ಪ್ರಾಕೃತದಲ್ಲಿ ಪಲಿಕಿಲೇಸ. ಆಡಳಿತದ ಪರಿಭಾಷೆಯಲ್ಲಿ ಬಂಧನವೊಂದು, ಅದರ ಮೇಲಣ ಹಿಂಸೆ ಮತ್ತೊಂದು ಎಂಬ ವಿಭಾಗವು ರೂಢವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಈ ಪ್ರತ್ಯೇಕ ಶಾಸನಗಳು ಧೌಲಿ ಜೌಗಡಗಳಲ್ಲಿ ಮಾತ್ರ ಉಂಟೆಂದು ಬಹುಕಾಲ ತಿಳಿದಿದ್ದರು. ೧೯೮೦ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಶಿಲೆಯಲ್ಲಿ ಅವುಗಳ ಅಂಶಗಳು ಬೆಳಕಿಗೆ ಬಂದ ಮೇಲೆ, ಭೀಮಾನದಿಯ ತೀರದ ಕನ್ನಡ ನಾಡಿಗೂ ಆ ಎಚ್ಚರಿಕೆಯು ಮುಟ್ಟಿತ್ತೆಂಬುದು ಖಚಿತವಾಯಿತು. ಪಟ್ಟಾಭಿಷೇಕವಾಗಿ ೨೬ ವರ್ಷಗಳಾಗುವವರೆಗೆ ೨೫ ಬಾರಿ ಸೆರೆಯಾಳುಗಳನ್ನು ಬಿಡಿಸಿದೆನೆಂದು ಆ ಚಕ್ರವರ್ತಿಯೇ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಇದಕ್ಕೆ ಪ್ರತಿಕೂಲವಾದ ದೃಷ್ಟಿಯೂ ನಮ್ಮಲ್ಲಿಯೇ ಇತ್ತು. ದುಃಖಿತರೂ ವಿಕೃತರೂ ಆದ ಪಾಪಕಾರಿಗಳು ಜನರ ಕಣ್ಣಿಗೆ ಬೀಳುವಂತೆ ಸೆರೆಮನೆಗಳನ್ನು ರಾಜಮಾರ್ಗದಲ್ಲಿ ಕಟ್ಟಿಸಬೇಕೆಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹೇಳುತ್ತದೆ. ಬಂಧವನ್ನು ಕಾವಲಿಗಾಗಿ ಅಲ್ಲದೆ ನೋಟಕ್ಕಾಗಿ ಉಪಯೋಗಿಸುವ ಬುದ್ಧಿ ಇದು. ಕೈಗೆ ಕೋಳವನ್ನಿಕ್ಕಿ ಬೀದಿಯಲ್ಲಿ ನಡೆಸುವ ರೂಢಿಯ ಬೀಜವನ್ನು ಇಲ್ಲಿಯೇ ಕಾಣಬೇಕು.

ಈ ಎರಡು ದೃಷ್ಟಿಗಳ ನಡುವೆ ತೂಗಿ ನುಡಿದ ಗ್ರಂಥವು ಕನ್ನಡ ನಾಡಿನಲ್ಲಿ ಹುಟ್ಟಿದ ಮಿತಾಕ್ಷರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಅದನ್ನು ಬರೆದನೆಂಬುದು ಪ್ರಸಿದ್ಧ. ಅದಕ್ಕೆ ಮೂಲವಾದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಂದು ವಿಧಿಯಿದೆ: ಬಂಧನಕ್ಕೆ ಅರ್ಹನಲ್ಲದವನನ್ನು ಕಟ್ಟಿದವನಿಗೂ, ವ್ಯವಹಾರವು ಮುಗಿಯುವುದಕ್ಕೆ ಮುಂಚೆ ಕಟ್ಟಿನಲ್ಲಿದ್ದವನನ್ನು ಬಿಟ್ಟವನಿಗೂ ಒಂದೇ ದಂಡ, ಉತ್ತಮ ಸಾಹಸ. ಯಾಜ್ಞವಲ್ಕ್ಯನ ಗಣನೆಯಂತೆ ಉತ್ತಮ ಸಾಹಸವೆಂದರೆ ೧೦೮೦ ಪಣ. ಬಿಡಬಾರದವನನ್ನು ಬಿಡುವುದು ಎಷ್ಟು ದೊಡ್ಡ ತಪ್ಪೋ ಕಟ್ಟಬಾರದವನನ್ನು ಕಟ್ಟುವುದೂ ಅಷ್ಟೇ ದೊಡ್ಡ ತಪ್ಪು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ತೂಕ. ಸೆರೆಯಾಳು ಓಡಿಹೋದಾನೆಂಬ ಭಯವೊಂದನ್ನೇ ಮುಂದಿಟ್ಟುಕೊಂಡು ಎಲ್ಲರಿಗೂ ಬೇಡಿಯನ್ನು ತೊಡಿಸುವ ಅಧಿಕಾರಿಗೆ ಈ ಸಮದಂಡವು ತಕ್ಕ ಉತ್ತರ.

೪

ಶಾಸ್ತ್ರವು ಹೀಗಿದ್ದರೂ ಆಚಾರವು ಬೇರೆಯಾಗಿತ್ತು. ೧೭೮೦ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕ ಇಂಗ್ಲಿಷರು ೧೭೮೪ರ ಮಂಗಳೂರು ಒಪ್ಪಂದದವರೆಗೆ ಶ್ರೀರಂಗಪಟ್ಟಣದಲ್ಲಿ ಕಬ್ಬಿಣದ ಬೇಡಿಗಳಲ್ಲಿದ್ದರು. ಅವರಲ್ಲಿ ಗಾಯಗೊಂಡಿದ್ದ ಬೇಯರ್ಡನಿಗೆ ಬೇಡಿಯನ್ನು ತೊಡಿಸಲು ಬಂದಾಗ, ಆಳುಗಳೆಷ್ಟೋ ಅಷ್ಟು ಜೋಡಿ ಬೇಡಿಗಳು ಬಂದಿವೆ, ಅಷ್ಟೂ ಲೆಕ್ಕಕ್ಕೆ ಸಲ್ಲಬೇಕು ಎಂದು ಅಧಿಕಾರಿಯು ಹೇಳಿದನಂತೆ. ಜೊತೆಯಲ್ಲಿದ್ದ ಲ್ಯೂಕಸನು ಎರಡು ಜೋಡಿಯನ್ನು ತನಗೇ ತೊಡಿಸಿರೆಂದು ಮುಂದೆ ಬಂದನಂತೆ. ಬೇಯರ್ಡನ ಚರಿತ್ರಕಾರರು ಹೇಳುವ ಈ ಕಥೆಯಲ್ಲಿ ಲ್ಯೂಕಸನ ಔದಾರ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ನಮಗೆ ಬೇಕಾದುದು ಅಧಿಕಾರಿಯ ಮಾತು. ಬೇಡಿಯು ಕಾಲಿನ ಅಗತ್ಯವನ್ನು ನೋಡದೆ ಉಗ್ರಾಣದ ಲೆಕ್ಕವನ್ನು ನೋಡತೊಡಗಿದಾಗ ಬಂಧಕ್ಕೆ ಕಾರಣವೇ ಇಲ್ಲದಂತಾಯಿತು.

ಸೋತವರು ಗೆದ್ದ ಮೇಲೆ ಬೇಡಿಯನ್ನು ಬಿಟ್ಟರೆಂದೇನೂ ಅಲ್ಲ. ೧೭೯೯ರಲ್ಲಿ ಟಿಪ್ಪುವು ಮಡಿದ ಮೇಲೆ ಕೆನರಾ ಸೀಮೆಯು ಕಂಪೆನಿಯ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಹಳಿಯಾಳ ಸೂಪಗಳ ಕಾಡು ಕಿತ್ತೂರಿಗೂ ಗೋವೆಗೂ ನಡುವೆ ಇದ್ದುದರಿಂದ ದಂಗೆಯವರಿಗೆ ಆಶ್ರಯಸ್ಥಾನವಾಗಿತ್ತು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ಗಲ್ಲಿಗೇರಿಸಿದ ನಂದಗಡವು ಹಳಿಯಾಳದ ನೆರೆಯದು. ೧೮೫೮–೫೯ರಲ್ಲಿ ಸೂಪದ ಕಾಡಿನಲ್ಲಿ ಫಡ್ನವೀಸ ಸಹೋದರರೂ ಅವರೊಡನೆ ಸಿದ್ದಿಗಳೂ ಸರ್ಕಾರವನ್ನು ಎದುರಿಸಿದರು. ಅದೇ ೧೮೫೮ರಲ್ಲಿ ಅಂಡಮಾನಿನ ದಂಡವಸತಿಯೂ ಆರಂಭವಾಯಿತು. ಕರಿನೀರಿನ ಶಿಕ್ಷೆಗೂ ಕಾಲಿನ ಕಬ್ಬಿಣಕ್ಕೂ ಆಗ ಉಂಟಾದ ನಂಟು ಮುಂದೆ ಕಾಯಿದೆಯಲ್ಲಿಯೇ ಅಕ್ಷರಕ್ಕೆ ಬಂದಿತು.

ಆ ಕಾಯಿದೆಯು ೧೮೯೪ರ ಒಂಬತ್ತನೆಯ ಆಕ್ಟು, ಸೆರೆಮನೆಗಳ ಕಾಯಿದೆ. ಅದರಲ್ಲಿ ಎರಡು ಸ್ವರಗಳಿವೆ. ಒಂದು ರಕ್ಷಣೆಯ ಸ್ವರ: ಸೆರೆಯಾಳನ್ನು ಒಳಗೆ ತೆಗೆದುಕೊಂಡಾಗ ವೈದ್ಯಪರೀಕ್ಷೆಯಾಗಬೇಕು, ಗಂಡಸರು ಹೆಂಗಸರು, ವಿಚಾರಣೆಯಲ್ಲಿರುವವರು ಶಿಕ್ಷಿತರು ಬೇರೆಬೇರೆ ಇರಬೇಕು, ಏಕಾಂತಕೋಣೆಯಲ್ಲಿ ಇರಿಸಿದವನು ಯಾವ ಹೊತ್ತಿನಲ್ಲಿಯಾದರೂ ಅಧಿಕಾರಿಯನ್ನು ಕರೆಯುವುದಕ್ಕೆ ಸಾಧನವಿರಬೇಕು, ಇಪ್ಪತ್ತುನಾಲ್ಕು ಗಂಟೆಗಳಿಗೆ ಮೀರಿದರೆ ವೈದ್ಯನು ದಿನಕ್ಕೊಮ್ಮೆಯಾದರೂ ನೋಡಬೇಕು. ಇನ್ನೊಂದು ಕಬ್ಬಿಣದ ಸ್ವರ. ೪೬ನೆಯ ಪ್ರಕರಣದಲ್ಲಿ ಕೈಕೋಳ ಕಾಲ್ಬೇಡಿಗಳು ಸೆರೆಮನೆಯೊಳಗಣ ತಪ್ಪುಗಳಿಗೆ ಶಿಕ್ಷೆಯಾಗಿ ಬಂದಿವೆ. ೫೬ನೆಯದರಲ್ಲಿ ಭದ್ರವಾದ ಕಾವಲಿಗೆ ಅಗತ್ಯವೆಂದು ಮೇಲ್ವಿಚಾರಕನಿಗೆ ತೋರಿದರೆ ನಿಯಮಗಳಿಗೆ ಒಳಪಟ್ಟು ಕಬ್ಬಿಣವನ್ನು ತೊಡಿಸಬಹುದು. ೫೭ನೆಯದರಲ್ಲಿ ಕರಿನೀರಿನ ಶಿಕ್ಷೆಯವನನ್ನು ಒಳಗೆ ಬಂದ ಮೊದಲ ಮೂರು ತಿಂಗಳು ಬೇಡಿಯಲ್ಲಿ ಇರಿಸಬಹುದು. ೫೮ನೆಯದರಂತೆ ಜೈಲರನು ತನ್ನ ಸ್ವಂತ ಅಧಿಕಾರದಿಂದ ಹಾಗೆ ಮಾಡಕೂಡದು. ತುರ್ತಾದ ಸಂದರ್ಭದಲ್ಲಿ ಮಾಡಿದರೆ ಒಡನೆಯೇ ಮೇಲ್ವಿಚಾರಕನಿಗೆ ತಿಳಿಸಬೇಕು.

ಈ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಂಧಕ್ಕೆ ಮೂರು ಬೇರೆಬೇರೆ ಕಾರಣಗಳು ಹೇಳಲ್ಪಟ್ಟಿರುವುದು ಕಾಣುತ್ತದೆ: ಮಾಡಿದ ತಪ್ಪಿಗೆ ಶಿಕ್ಷೆ, ಓಡಿಹೋಗದಂತೆ ಕಾವಲು, ವಿಧಿಸಿದ ದಂಡದ ಜಾತಿ. ಮೂರನೆಯದೇ ಅತ್ಯಂತ ಅಪಾಯಕರವಾದದ್ದು. ಒಳಗೆ ಬಂದವನ ನಡತೆ ಹೇಗಿದೆಯೆಂದು ನೋಡುವುದಕ್ಕೆ ಮುಂಚೆಯೇ ಅವನ ಕಾಲಿಗೆ ಕಬ್ಬಿಣವು ಬೀಳಬಹುದು. ನಿರೋಧದ ಬಾಲವಾಗಿ ಬಂಧವು ಬಂದದ್ದು ಇಲ್ಲಿ. ೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೩ರಲ್ಲಿ ಆ ರಾಜ್ಯಕ್ಕೆ ತನ್ನದೇ ಸೆರೆಮನೆಗಳ ಕಾಯಿದೆಯಾಯಿತು.

೫

ಹಳೆಯ ಭೇದವು ಮತ್ತೆ ತಲೆಯೆತ್ತಿದ್ದು ೧೯೭೮ರಲ್ಲಿ. ದಿಲ್ಲಿಯ ತಿಹಾರ ಸೆರೆಮನೆಯಲ್ಲಿ ವಿಚಾರಣೆಯಲ್ಲಿದ್ದ ವಿದೇಶೀಯನೊಬ್ಬನು ಹೆಚ್ಚುಕಡಮೆ ಎರಡು ವರ್ಷ ಹಗಲೂ ರಾತ್ರಿಯೂ ಕಂಬಿಬೇಡಿಯಲ್ಲಿದ್ದನು. ಸುನೀಲ್ ಬಾತ್ರಾ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ೫೬ನೆಯ ಪ್ರಕರಣವನ್ನು ರದ್ದುಮಾಡಲಿಲ್ಲ. ಆದರೆ ಅದಕ್ಕೆ ಕಡಿವಾಣವನ್ನು ಹಾಕಿತು. ಕಾರಣವನ್ನು ಬರೆದಿಡಬೇಕು, ಆ ಕಾರಣವನ್ನು ಸೆರೆಯಾಳು ಪ್ರಶ್ನಿಸುವಂತಿರಬೇಕು, ಬೀಗ ಹಾಕಿದ ಕೋಣೆಯಲ್ಲಿರುವವನಿಗೆ ರಾತ್ರಿಯ ಬೇಡಿಯು ಸಾಮಾನ್ಯವಾಗಿ ಅನಾವಶ್ಯಕ, ದೀರ್ಘಕಾಲ ಮುಂದುವರಿಸುವುದಾದರೆ ಹೊರಗಿನ ನ್ಯಾಯಾಧಿಕಾರಿಯ ಒಪ್ಪಿಗೆ ಬೇಕು. ೧೯೮೦ರಲ್ಲಿ ಪ್ರೇಮಶಂಕರ ಶುಕ್ಲ ಮೊಕದ್ದಮೆಯಲ್ಲಿ ಕೈಕೋಳಕ್ಕೂ ಇದೇ ನ್ಯಾಯವು ಅನ್ವಯಿಸಲ್ಪಟ್ಟಿತು. ೧೯೯೫ರಲ್ಲಿ ಅಸ್ಸಾಮಿನ ಪ್ರಕರಣವೊಂದು ಬಂದಿತು. ಗುವಾಹಟಿಯ ಆಸ್ಪತ್ರೆಯಲ್ಲಿ, ಬೀಗ ಹಾಕಿ ಕಾವಲಿಟ್ಟ ಕೋಣೆಯೊಳಗೆ, ರೋಗಿಗಳಾದ ಸೆರೆಯಾಳುಗಳನ್ನು ಮಂಚಕ್ಕೆ ಕೋಳದಿಂದ ಬಿಗಿಯಲಾಗಿತ್ತು. ನಿರೋಧವು ಪೂರ್ಣವಾಗಿರುವಲ್ಲಿ ಬಂಧವು ವ್ಯರ್ಥವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಾಗಿಲ್ಲ. ಮ್ಯಾಜಿಸ್ಟ್ರೇಟನ ಅನುಮತಿಯಿಲ್ಲದೆ ಸೆರೆಮನೆಯಲ್ಲಾಗಲಿ ಸಾಗಿಸುವಾಗಲಾಗಲಿ ಕೋಳ ಬೇಡಿಗಳನ್ನು ತೊಡಿಸಕೂಡದೆಂದು ನ್ಯಾಯಾಲಯವು ಆಜ್ಞಾಪಿಸಿತು.

ನಮ್ಮ ಸೀಮೆಯು ಧಾರವಾಡದ ಹೈಕೋರ್ಟು ಪೀಠದ ಅಧಿಕಾರವ್ಯಾಪ್ತಿಗೆ ಸೇರಿದುದು. ೨೦೨೨ರಲ್ಲಿ ಆ ಪೀಠವು, ಅಕಾರಣವಾಗಿ ಕೋಳ ತೊಡಿಸಿಕೊಂಡು ಜನರ ಮುಂದೆ ನಡೆಸಲ್ಪಟ್ಟ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಸರ್ಕಾರವು ೨ ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ತೀರ್ಪಿತ್ತಿತು. ಅಬಂಧ್ಯನನ್ನು ಕಟ್ಟಿದರೆ ದಂಡವೆಂಬ ಯಾಜ್ಞವಲ್ಕ್ಯನ ವಿಧಿಯೂ ಈ ತೀರ್ಪೂ ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಹೇಳುತ್ತವೆ. ಹಣವು ಅಂದು ರಾಜನ ಭಂಡಾರಕ್ಕೆ ಹೋಗುತ್ತಿತ್ತು; ಇಂದು ನೊಂದವನ ಕೈಸೇರುತ್ತದೆ. ಈ ಒಂದು ಅಂಶದಲ್ಲಿ ಈಚಿನವರು ಮೇಲಾದರೆಂದು ಒಪ್ಪಬೇಕು.

ಹೊರದೇಶಗಳ ಅಭಿಪ್ರಾಯವೂ ಈ ದಿಕ್ಕಿನಲ್ಲಿಯೇ ಸಾಗಿದೆ. ೨೦೧೫ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ, ನೆಲ್ಸನ್ ಮಂಡೇಲರ ಹೆಸರನ್ನು ಹೊತ್ತ ನಿಯಮಗಳು ಸರಪಳಿ ಮುಂತಾದ ಹೀನಾಯಕರವಾದ ಸಾಧನಗಳನ್ನು ನಿಷೇಧಿಸುತ್ತವೆ. ಉಳಿದ ಸಾಧನಗಳಿಗೂ ಮೂರು ಮೇರೆಗಳುಂಟು: ಅದಕ್ಕಿಂತ ಮೃದುವಾದ ಉಪಾಯವು ಸಾಲದೆಹೋದಾಗ ಮಾತ್ರ, ಇರುವುದರಲ್ಲಿ ಅತ್ಯಂತ ಮೃದುವಾದುದು ಮ��ತ್ರ, ಅಪಾಯವಿರುವಷ್ಟು ಹೊತ್ತು ಮಾತ್ರ. ಹೆರಿಗೆಯ ಬೇನೆಯಲ್ಲಿಯೂ ಹೆರಿಗೆಯಲ್ಲಿಯೂ ಹೆತ್ತೊಡನೆಯೂ ಹೆಂಗಸನ್ನು ಕಟ್ಟಲೇಕೂಡದು. ಬಾಣಂತಿಯನ್ನು ಯಾತನೆಯಿಂದ ಕಾಪಾಡಿದ ಕೌಟಿಲ್ಯನ ನಿಷೇಧವು ಇಲ್ಲಿ ನೆನಪಿಗೆ ಬರದಿರದು.

೬

ಇಷ್ಟಾದರೂ ವಿಚಾರವು ಮುಗಿದಂತಲ್ಲ. ೨೦೨೩ರಲ್ಲಿ ರಚಿತವಾಗಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೩ನೆಯ ಪ್ರಕರಣವು, ಅಪರಾಧದ ಸ್ವರೂಪವನ್ನೂ ಗುರುತ್ವವನ್ನೂ ನೋಡಿ ಕೆಲವು ವರ್ಗಗಳವರಿಗೆ ಕೈಕೋಳವನ್ನು ತೊಡಿಸುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿದೆ. ಮತ್ತೆ ಮತ್ತೆ ತಪ್ಪು ಮಾಡಿದವನು, ಕಾವಲಿನಿಂದ ಓಡಿಹೋದವನು ಎಂಬ ವರ್ಗಗಳು ಮನುಷ್ಯನ ನಡತೆಯನ್ನು ಅವಲಂಬಿಸಿವೆ. ಅವುಗಳಿಗೆ ಕಾರಣವನ್ನು ಹೇಳಬಹುದು. ಆದರೆ ಕೊಲೆ ಮೊದಲಾದ ಅಪರಾಧಗಳ ಹೆಸರುಗಳೂ ಅದೇ ಪಟ್ಟಿಯಲ್ಲಿವೆ. ಹಿಡಿಯುವ ಹೊತ್ತಿಗೆ ಅಪರಾಧವು ಆರೋಪವಾಗಿರುತ್ತದೆಯೇ ಹೊರತು ಸಿದ್ಧವಾಗಿರುವುದಿಲ್ಲ. ಆರೋಪದ ಹೆಸರೇ ಕೋಳಕ್ಕೆ ಕಾರಣವಾದರೆ, ೧೮೯೪ರ ೫೭ನೆಯ ಪ್ರಕರಣದ ಛಾಯೆಯು ಮರಳಿ ಬಂದಂತಾಯಿತು. ಹೊಸ ಪ್ರಕರಣವು ‘ತೊಡಿಸಬಹುದು’ ಎನ್ನುತ್ತದೆ, ‘ತೊಡಿಸಲೇಬೇಕು’ ಎನ್ನುವುದಿಲ್ಲ. ಈ ವಿಕಲ್ಪದಲ್ಲಿ ಹಳೆಯ ತೀರ್ಪುಗಳ ತತ್ತ್ವಕ್ಕೆ ಇನ್ನೂ ಸ್ಥಳವಿದೆಯೆಂದು ನಮಗೆ ತೋರುತ್ತದೆ.

ಕಾಯುವವರ ಕಷ್ಟವನ್ನೂ ಅಲ್ಲಗಳೆಯಲಾಗದು. ಸೆರೆಯಾಳುಗಳು ಹೆಚ್ಚಾಗಿ ಕಾವಲುಗಾರರು ಕಡಮೆಯಾಗಿರುವಲ್ಲಿ ಕಬ್ಬಿಣವು ಆಳಿನ ಬದಲಿಗೆ ನಿಲ್ಲುತ್ತದೆ. ಕೆಲವೊಮ್ಮೆ ತನ್ನ ಮೇಲೆ ತಾನೇ ಕೈಮಾಡಿಕೊಳ್ಳುವವನನ್ನು ತಡೆದು ಹಿಡಿಯುವುದೇ ಅವನ ರಕ್ಷೆಯಾಗಬಹುದು. ಆದರೆ ಆಳಿನ ಕೊರತೆಯು ರಾಜ್ಯದ ದೋಷ; ಅದಕ್ಕೆ ಸೆರೆಯಾಳಿನ ಕಾಲು ತೆರವನ್ನು ತೆರಬಾರದು. ಸೆರೆಮನೆಗಳೊಳಗೆ ೨೦೧೨ರಿಂದೀಚೆಗೆ ಸಂಭವಿಸಿದ ಅಸಹಜ ಮರಣಗಳ ವಿಷಯದಲ್ಲಿ ಸತ್ತವರ ಬಂಧುಗಳಿಗೆ ಪರಿಹಾರ ಕೊಡಿಸುವಂತೆ ೨೦೧೭ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟುಗಳಿಗೆ ಸೂಚಿಸಿದುದು ಈ ತತ್ತ್ವವನ್ನು ಹಿಡಿದೇ. ಒಬ್ಬನ ಕೈಕಾಲುಗಳ ಸ್ವಾತಂತ್ರ್ಯವನ್ನು ತೆಗೆದುಕೊಂಡವನು ಆ ಕೈಕಾಲುಗಳು ಮಾಡಬೇಕಾಗಿದ್ದ ಆತ್ಮರಕ್ಷಣೆಯ ಕೆಲಸವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡನು.

ಮೇಲಣ ವಿಚಾರದಿಂದ ಸಿದ್ಧವಾಗುವುದೇನೆಂದರೆ: ನಿರೋಧವು ಒಂದು ದಂಡ, ಬಂಧವು ಇನ್ನೊಂದು. ಮೊದಲನೆಯದಕ್ಕೆ ನ್ಯಾಯಾಧೀಶನ ಆಜ್ಞೆಯೇ ಆಧಾರ. ಎರಡನೆಯದಕ್ಕೆ ಆ ಆಜ್ಞೆಯು ಸಾಲದು. ಈ ಮನುಷ್ಯನನ್ನು, ಈ ಹೊತ್ತಿನಲ್ಲಿ, ಈ ಕಾರಣಕ್ಕಾಗಿ ಕಟ್ಟಬೇಕಾಯಿತೆಂದು ಬರೆದಿಡಲು ಆಗದಿದ್ದರೆ ಆ ಕಟ್ಟು ಪರಿಕ್ಲೇಶವೇ ಆಗುತ್ತದೆ. ಶಬ್ದಗಳನ್ನು ಕಲಿಸುವ ಅಧ್ಯಾಪಕರು ಸೆರೆ, ಸಂಕೋಲೆ ಎಂಬ ಎರಡು ಮಾತುಗಳನ್ನು ಪರ್ಯಾಯಗಳೆಂದು ಮಕ್ಕಳಿಗೆ ಹೇಳಿಕೊಡದಿರುವುದು ಒಳ್ಳೆಯದು. ಅವೆರಡರ ನಡುವಣ ಅಂತರದಲ್ಲಿ ಸೆರೆಯಾಳಿನ ಮಾನವೂ, ಕೆಲವು ಸಲ ಪ್ರಾಣವೂ ನಿಂತಿದೆ.